ಲೆಕ್ಕ ಕೇಳುವ ಗಂಟೆ

ನಿಮ್ಮ ಮನೆಯ ಬೀರುವನ್ನೊಮ್ಮೆ ತೆರೆದು ನೋಡಿ. ಮಕ್ಕಳ ಜ್ಞಾನಸ್ನಾನದ ಪ್ರಮಾಣಪತ್ರ, ಮದುವೆಯ ಕಾಗದ, ಕಂದಾಯದ ರಸೀದಿ, ಇವುಗಳ ನಡುವೆ ಮಡಿಕೆ ಬಿದ್ದ ಒಂದು ಜೀವವಿಮೆಯ ಬಾಂಡು ಇದ್ದೇ ಇರುತ್ತದೆ. ಅದರ ಮೇಲೆ ಎರಡು ಕೈಗಳ ನಡುವೆ ಉರಿಯುವ ದೀಪದ ಚಿತ್ರವಿದೆ. ಗಾಳಿಗೆ ಆರದಂತೆ ದೀಪವನ್ನು ಕಾಯುವ ಆ ಕೈಗಳನ್ನು ನಂಬಿ ನಮ್ಮ ತಂದೆತಾಯಂದಿರು ಸಂಬಳದ ದಿನ ಮೊದಲು ಕಂತಿನ ಹಣವನ್ನು ತೆಗೆದಿಟ್ಟು, ಉಳಿದುದರಲ್ಲಿ ಅಕ್ಕಿ ಬೇಳೆ ತರುತ್ತಿದ್ದರು. ಆ ಕೈಗಳನ್ನೂ ಯಾರಾದರೂ ಕಾಯಬೇಕಲ್ಲವೇ? ಹಾಗೆ ಕಾಯಬೇಕಾಗಿ ಬಂದ ಒಂದು ಪ್ರಸಂಗವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ನಡೆದದ್ದು 1957ರಲ್ಲಿ, ದೆಹಲಿಯ ಲೋಕಸಭೆಯಲ್ಲಿ.

ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಜೀವವಿಮೆ ಖಾಸಗಿಯವರ ಕೈಯಲ್ಲಿತ್ತು. ಕೆಲವು ಕಂಪನಿಗಳು ಪ್ರಾಮಾಣಿಕವಾಗಿದ್ದವು. ಕೆಲವಕ್ಕೆ ವಿಮೆದಾರರ ಹಣವೆಂದರೆ ಯಜಮಾನನ ಸ್ವಂತ ವ್ಯಾಪಾರಕ್ಕೆ ಒದಗುವ ಬಂಡವಾಳ. 1955ರ ಡಿಸೆಂಬರಿನಲ್ಲಿ ರಾಯಬರೇಲಿ ಕಡೆಯ ಸದಸ್ಯ ಫಿರೋಜ್ ಗಾಂಧಿಯವರು ದಾಲ್ಮಿಯಾ ಮನೆತನದ ಭಾರತ್ ಇನ್ಶೂರೆನ್ಸ್ ಕಂಪನಿಯ ಹಣ ಎಲ್ಲೆಲ್ಲಿ ಹರಿದಿದೆ ಎಂಬುದನ್ನು ಸದನದಲ್ಲಿ ಬಿಡಿಸಿಟ್ಟರು. ಮರುತಿಂಗಳೇ, ಅಂದರೆ 1956ರ ಜನವರಿಯಲ್ಲಿ, ಸರ್ಕಾರ ಜೀವವಿಮೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 245 ವಿಮಾ ಕಂಪನಿಗಳೂ ಸೊಸೈಟಿಗಳೂ ಕರಗಿ ಅದೇ ವರ್ಷ ಸೆಪ್ಟೆಂಬರ್ 1ರಂದು ಭಾರತೀಯ ಜೀವವಿಮಾ ನಿಗಮ ಹುಟ್ಟಿತು. ಇನ್ನು ಬಡವನ ಹಣಕ್ಕೆ ಭಯವಿಲ್ಲ ಎಂದು ಜನ ನಂಬಿದರು. ಆ ನಂಬಿಕೆಗೆ ಒಂದು ವರ್ಷವೂ ತುಂಬಿರಲಿಲ್ಲ.

1957ರ ಜೂನ್ ತಿಂಗಳಲ್ಲಿ ನಿಗಮವು ಕಲ್ಕತ್ತೆಯ ವ್ಯಾಪಾರಿ ಹರಿದಾಸ್ ಮುಂಧ್ರಾ ಅವರ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಹಣ ಹೂಡುವ ಮೊದಲು ಸಲಹೆ ಕೇಳಬೇಕಾಗಿದ್ದ ನಿಗಮದ ಹೂಡಿಕೆ ಸಮಿತಿಯನ್ನು ಕೇಳಲಿಲ್ಲ. ಮುಂಧ್ರಾ ಅವರ ಆರ್ಥಿಕ ಸ್ಥಿತಿ ಕುಸಿಯುತ್ತಿದೆ ಎಂಬುದು ಷೇರು ಪೇಟೆಯಲ್ಲಿ ಗುಟ್ಟಾಗಿ ಉಳಿದಿರಲಿಲ್ಲ. ಆದರೂ ಕೊಂಡರು, ಅದೂ ಪೇಟೆಯ ಬೆಲೆಗಿಂತ ಹೆಚ್ಚು ಕೊಟ್ಟು. ಇಂದಿನ ಕಿವಿಗೆ ಒಂದೂಕಾಲು ಕೋಟಿ ದೊಡ್ಡ ಮೊತ್ತವೆನಿಸಲಾರದು. ಒಬ್ಬ ಶಾಲಾ ಉಪಾಧ್ಯಾಯರ ತಿಂಗಳ ಸಂಬಳವನ್ನು ಹತ್ತುಗಳಲ್ಲಿ ಎಣಿಸುತ್ತಿದ್ದ ಕಾಲವದು ಎಂಬುದನ್ನು ನೆನಪಿಡಿ.

ಇದರ ಸುಳಿವು ಹಿಡಿದು ಅದೇ ಸೆಪ್ಟೆಂಬರಿನಲ್ಲಿ ಡಾ. ರಾಮ್ ಸುಭಗ್ ಸಿಂಗ್ ಅವರು ಲೋಕಸಭೆಯಲ್ಲಿ ಪ್ರಶ್ನೆ ಎತ್ತಿದರು. ಬಂದ ಉತ್ತರ ನುಣುಚಿಕೊಳ್ಳುವ ಉತ್ತರವಾಗಿತ್ತು. ನವೆಂಬರಿನಲ್ಲಿ ಮತ್ತೆ ಪ್ರಶ್ನೆ ಬಂತು. ಮತ್ತೆ ಅರ್ಧ ತೆರೆದ ಬಾಗಿಲಿನಂಥ ಉತ್ತರ.

ಇಲ್ಲಿ ಕ್ಷಣಕಾಲ ನಿಂತು ಈ ಪ್ರಶ್ನೆ ಎಂಬ ವ್ಯವಸ್ಥೆ ಎಲ್ಲಿಂದ ಬಂತೆಂದು ನೋಡೋಣ. ಇಂಗ್ಲೆಂಡಿನ ಸಂಸತ್ತಿನ ದಾಖಲೆಯಲ್ಲಿ ಸಿಗುವ ಮೊದಲ ಪ್ರಶ್ನೆ 1721ರ ಫೆಬ್ರವರಿ 9ರದು. ಪ್ರಭುಗಳ ಸಭೆಯಲ್ಲಿ ಅರ್ಲ್ ಕೂಪರ್ ಎಂಬವರು ಎದ್ದುನಿಂತು, ಸೌತ್ ಸೀ ಕಂಪನಿಯ ಮುಖ್ಯ ಖಜಾಂಚಿ ರಾಬರ್ಟ್ ನೈಟ್ ದೇಶ ಬಿಟ್ಟು ಓಡಿಹೋಗಿದ್ದಾನಲ್ಲ, ಅವನು ಬ್ರಸೆಲ್ಸ್ ನಗರದಲ್ಲಿ ಸೆರೆ ಸಿಕ್ಕಿದ್ದಾನೆಂಬ ಸುದ್ದಿ ನಿಜವೇ ಎಂದು ಸರ್ಕಾರವನ್ನು ಕೇಳಿದರು. ಸಾವಿರಾರು ಕುಟುಂಬಗಳ ಉಳಿತಾಯವನ್ನು ನುಂಗಿದ ಕಂಪನಿ ಅದು. ಮೊದಲ ಪ್ರಶ್ನೆಯೇ ಜನರ ದುಡ್ಡು ಎಲ್ಲಿ ಹೋಯಿತೆಂಬ ವಿಚಾರದ್ದಾಗಿತ್ತು ಎಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಭಾರತದಲ್ಲಿ ಈ ಹಕ್ಕು ಬಂದದ್ದು 1892ರ ಕಾಯಿದೆಯಿಂದ. 1893ರ ಫೆಬ್ರವರಿ 16ರಂದು ವೈಸರಾಯರ ಶಾಸನ ಸಭೆಯಲ್ಲಿ ಭಿಂಗಾದ ರಾಜರು ಮೊದಲ ಪ್ರಶ್ನೆ ಕೇಳಿದರು. ಯಾವ ವಿಷಯವಿದ್ದೀತು ಹೇಳಿ! ಸರ್ಕಾರಿ ಅಧಿಕಾರಿಗಳು ಪ್ರವಾಸ ಹೊರಟಾಗ ಅವರ ಡೇರೆಗೆ ದಿನಸಿ ಒದಗಿಸಬೇಕಾಗಿ ಬರುವ ಹಳ್ಳಿಯ ಅಂಗಡಿಕಾರರ ಸಂಕಟ. ಚಕ್ರಾಧಿಪತ್ಯದ ಸಭೆಯಲ್ಲಿ ಮೊಟ್ಟಮೊದಲು ಕೇಳಿಬಂದದ್ದು ಹಳ್ಳಿ ಅಂಗಡಿಯ ನಷ್ಟದ ಮಾತು. ಆದರೆ ಆಗ ಕೊಟ್ಟ ಉತ್ತರವನ್ನು ಕೇಳಿಸಿಕೊಂಡು ಕುಳಿತುಕೊಳ್ಳಬೇಕಿತ್ತು. ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಹಾಕುವಂತಿರಲಿಲ್ಲ. ಮೂಲ ಪ್ರಶ್ನೆ ಕೇಳಿದವನಿಗೆ ಉಪಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದು 1909ರ ಸುಧಾರಣೆಯಲ್ಲಿ. ಬೇರೆ ಸದಸ್ಯರೂ ಎದ್ದು ಕೇಳಬಹುದೆಂದಾದದ್ದು 1919ರ ಸುಧಾರಣೆಯ ನಂತರ. ಇದು ಚಿಕ್ಕ ವಿಷಯವಲ್ಲ. ಮೊದಲ ಉತ್ತರವನ್ನು ಕಚೇರಿಯ ಗುಮಾಸ್ತರು ಬರೆದುಕೊಡುತ್ತಾರೆ, ಮಂತ್ರಿ ಓದುತ್ತಾರೆ. ಉಪಪ್ರಶ್ನೆಗೆ ಮಾತ್ರ ಮಂತ್ರಿಯೇ ಉತ್ತರ ಹೇಳಬೇಕು. ವಿಷಯ ಗೊತ್ತಿದೆಯೋ ಇಲ್ಲವೋ ಎಂಬುದು ಆಗ ಬೆಳಕಿಗೆ ಬರುತ್ತದೆ.

ನಮ್ಮ ಮೈಸೂರು ಇದರಲ್ಲಿ ಹಿಂದೆ ಬಿದ್ದಿರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 1881ರ ಅಕ್ಟೋಬರ್ 7ರಂದು ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದರು. 144 ಮಂದಿ ಸದಸ್ಯರು ಬಂದಿದ್ದರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ತೆರಿಗೆ ತಡೆಯುವ ಅಧಿಕಾರವೂ ಇರಲಿಲ್ಲ. ದಿವಾನರು ವರ್ಷದ ಆಡಳಿತದ ವಿವರ ಓದುತ್ತಿದ್ದರು, ಸದಸ್ಯರು ತಮ್ಮ ತಾಲ್ಲೂಕುಗಳ ಅಹವಾಲು ಹೇಳುತ್ತಿದ್ದರು. ಕೆರೆಯ ಏರಿ, ಬಂಡಿ ದಾರಿ ಇಂಥವನ್ನು ಹಿಡಿದು ಬಂದ ರೈತ ಪ್ರತಿನಿಧಿಯ ಎದುರು ರಾಜ್ಯದ ದಿವಾನರು ಕುಳಿತು ಕೇಳಿಸಿಕೊಳ್ಳುವುದೇ ಆ ಕಾಲಕ್ಕೆ ಹೊಸತು. 1923ರಲ್ಲಿ ಆ ಸಭೆಗೆ ಶಾಸನದ ಆಧಾರವೂ ದೊರೆಯಿತು.

ಈಗ ಲೋಕಸಭೆಗೆ ಹಿಂತಿರುಗೋಣ. ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಾರದೆ ಹೋದಾಗ ಅದರ ಮೇಲೆ ಚರ್ಚೆ ಕೇಳುವ ದಾರಿ ಸದಸ್ಯನಿಗಿದೆ. 1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ಆ ದಾರಿಯಲ್ಲಿ ನಡೆದರು. ಅವರ ಕೈಯಲ್ಲಿ ಆವೇಶದ ಭಾಷಣವಿರಲಿಲ್ಲ, ಷೇರು ಬೆಲೆಗಳ ಪಟ್ಟಿಯಿತ್ತು. ಯಾವ ದಿನ ಪೇಟೆಯಲ್ಲಿ ಯಾವ ಬೆಲೆಯಿತ್ತು, ನಿಗಮ ಕೊಳ್ಳುವ ಹೊತ್ತಿಗೆ ಅದು ಹೇಗೆ ಏರಿತು, ಏರಿದ ಬೆಲೆಯಿಂದ ಲಾಭ ಯಾರಿಗಾಯಿತು ಎಂದು ಒಂದೊಂದಾಗಿ ಓದಿದರು. ಅವರು ವಿರೋಧ ಪಕ್ಷದವರಲ್ಲ, ಆಳುವ ಕಾಂಗ್ರೆಸ್ಸಿನವರು. ಸಾಲದ್ದಕ್ಕೆ ಪ್ರಧಾನಿ ನೆಹರೂ ಅವರ ಅಳಿಯ. ಎದುರಿಗಿದ್ದವರು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ, ನೆಹರೂ ಅವರಿಗೆ ಬಹಳ ಬೇಕಾದ ಸಚಿವರು. ಮಾವನ ಸರ್ಕಾರವನ್ನು ಅಳಿಯ ತುಂಬಿದ ಸಭೆಯಲ್ಲಿ ಲೆಕ್ಕ ಕೇಳುವುದೆಂದರೆ ಆ ರಾತ್ರಿ ಮನೆಯ ಊಟದ ಮೇಜು ಹೇಗಿದ್ದಿರಬೇಕು ಎಂದು ಸಂಸಾರಸ್ಥರಾದ ನೀವು ಊಹಿಸಬಲ್ಲಿರಿ.

ಸರ್ಕಾರ ವಿಚಾರಣೆಗೆ ಒಪ್ಪಿತು. 1958ರ ಜನವರಿಯಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರೊಬ್ಬರ ಆಯೋಗ ನೇಮಕವಾಯಿತು. ಅವರು ವಿಚಾರಣೆಯನ್ನು ಸಾರ್ವಜನಿಕರ ಎದುರಿಗೇ ನಡೆಸಿದರು. ಒಳಗೆ ಜಾಗ ಸಾಲದೆ ಜನ ಹೊರಗೆ ನಿಂತರು. ಅವರಿಗೂ ಕೇಳಿಸಲೆಂದು ಧ್ವನಿವರ್ಧಕಗಳನ್ನು ಕಟ್ಟಿಸಲಾಯಿತು. ತಮ್ಮ ಕಂತಿನ ಹಣದ ಕತೆಯನ್ನು ಬೀದಿಯಲ್ಲಿ ನಿಂತು ಕೇಳಿದ ಆ ಜನರಲ್ಲಿ ವಿಮೆದಾರರೂ ಇದ್ದಿರಲೇಬೇಕು. ತಿಂಗಳೊಳಗೆ ಕೆಲಸ ಮುಗಿದು ಫೆಬ್ರವರಿ 10ರಂದು ವರದಿ ಸಿದ್ಧವಾಯಿತು. ಇಂದಿನ ಆಯೋಗಗಳ ಅವಧಿ ವಿಸ್ತರಣೆಯನ್ನು ಪತ್ರಿಕೆಗಳಲ್ಲಿ ಓದಿ ಓದಿ ದಣಿದ ನಮಗೆ ಇದು ದಂತಕತೆಯಂತೆ ಕೇಳಿಸೀತು.

ವಿಚಾರಣೆಯಲ್ಲಿ ನೋವಿನ ಭಾಗವೊಂದಿತ್ತು. ಹಣಕಾಸು ಇಲಾಖೆಯ ಪ್ರಧಾನ ಕಾರ್ಯದರ್ಶಿ ಎಚ್.ಎಂ. ಪಟೇಲರು ಸಚಿವರ ಒಪ್ಪಿಗೆಯಿಂದಲೇ ಇದು ನಡೆಯಿತೆಂದರು. ಸಚಿವರು ತಾವು ಹಾಗೆ ಒಪ್ಪಿಗೆ ಕೊಟ್ಟಿರಲಿಲ್ಲವೆಂದರು. ಯಾರ ಮಾತು ಎಷ್ಟು ನಿಜ ಎಂಬ ವಾದ ಬಹುಕಾಲ ನಡೆಯಿತು. ಛಾಗ್ಲಾ ಅವರು ಆಡಳಿತದ ತತ್ತ್ವವೊಂದನ್ನು ಸ್ಪಷ್ಟಪಡಿಸಿದರು: ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಸಂವಿಧಾನದ ದೃಷ್ಟಿಯಲ್ಲಿ ಸಚಿವನೇ ಹೊಣೆ, ನನಗೆ ತಿಳಿಯದೆ ನಡೆಯಿತೆಂದು ಅವನು ಕೈ ತೊಳೆದುಕೊಳ್ಳುವಂತಿಲ್ಲ. ಸಂಸತ್ತಿಗೆ ಬೇರೆ ಮೂಲಗಳಿಂದ ವಿಷಯ ತಿಳಿಯುವ ಮೊದಲೇ ಸರ್ಕಾರ ಅದನ್ನು ವಿಶ್ವಾಸಕ್ಕೆ ತೆಗೆದುಕೊಳ್ಳಬೇಕೆಂದೂ ಸೂಚಿಸಿದರು. ಕೈ ತೊಳೆಯುವ ಮಾತು ಬಂದಾಗ ಕ್ರೈಸ್ತರಾದ ನಮಗೆ ಪಿಲಾತನ ನೆನಪಾಗದೆ ಇರದು. ಆದರೆ ನನ್ನ ಮನಸ್ಸು ಇಲ್ಲಿ ಹೆಚ್ಚಾಗಿ ಹೋಗುವುದು ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯದ ಮನೆವಾರ್ತೆಯವನ ಕಡೆಗೆ. ಆಸ್ತಿ ಅವನದಲ್ಲ, ಧಣಿಯದು. ಧಣಿ ಕರೆದು ಲೆಕ್ಕ ಕೇಳಿದ ದಿನ ಅವನಿಗೆ ಎಚ್ಚರವಾಗುತ್ತದೆ. ಪ್ರಜಾಪ್ರಭುತ್ವದಲ್ಲಿ ಆ ಧಣಿಯ ಸ್ಥಾನದಲ್ಲಿರುವವರು ನೀವು, ನಾನು. ನಮ್ಮ ಪರವಾಗಿ ಕರೆದು ಕೇಳಬೇಕಾದವನು ನಾವು ಕಳಿಸಿದ ಪ್ರತಿನಿಧಿ.

ಕೃಷ್ಣಮಾಚಾರಿಯವರು ಅದೇ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. ಬಜೆಟ್ ಮಂಡಿಸಲು ಹಣಕಾಸು ಸಚಿವರೇ ಇಲ್ಲದೆ ಪ್ರಧಾನಿ ನೆಹರೂ ತಾವೇ ಅದನ್ನು ಓದಬೇಕಾಯಿತು. ಕೃಷ್ಣಮಾಚಾರಿಯವರು ಹಣ ತಿಂದರೆಂದು ಯಾರೂ ಹೇಳಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಕೆಲವು ವರ್ಷಗಳ ನಂತರ ಅವರು ಮತ್ತೆ ಸಚಿವರಾದರು, 1963ರಲ್ಲಿ ಮತ್ತೆ ಹಣಕಾಸು ಖಾತೆಗೇ ಬಂದರು.

ಪ್ರಶ್ನೆ ಕೇಳುವವರೆಲ್ಲ ಸಂತರೆಂದು ನಾನು ಹೇಳಲಾರೆ. ವರ್ತಕರ ಸಂಘವೊಂದರಿಂದ ಲಾಭ ಪಡೆದು ಅದರ ಪರವಾಗಿ ಸದನದಲ್ಲಿ ಕೆಲಸ ಮಾಡಿದರೆಂದು ಎಚ್.ಜಿ. ಮುದ್ಗಲ್ ಎಂಬ ಸದಸ್ಯರ ಮೇಲೆ 1951ರಲ್ಲಿಯೇ ವಿಚಾರಣೆ ನಡೆದು ಅವರು ಸ್ಥಾನ ಬಿಡಬೇಕಾಯಿತು. 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ ಹನ್ನೊಂದು ಮಂದಿ ಸಂಸದರನ್ನು ಎರಡೂ ಸದನಗಳು ಹೊರಹಾಕಿದವು. ಕೇಳುವ ಬಾಯಿಯೂ ಮಾರಾಟವಾಗಬಲ್ಲದು. ಇನ್ನು ಕೆಲವೊಮ್ಮೆ ಕೇಳುವ ಗಂಟೆಯೇ ಇಲ್ಲವಾಗಿದೆ: 1962ರ ಚೀನಾ ಯುದ್ಧದ ಅಧಿವೇಶನದಲ್ಲಿ, 1975ರ ತುರ್ತು ಪರಿಸ್ಥಿತಿಯ ಮೊದಲ ಅಧಿವೇಶನದಲ್ಲಿ, 2020ರ ಸೆಪ್ಟೆಂಬರಿನಲ್ಲಿ ಕೊರೊನಾ ಕಾರಣದಿಂದ. ಕೊನೆಯ ಸಲ ಲಿಖಿತ ಉತ್ತರಗಳು ಬಂದವು, ಉಪಪ್ರಶ್ನೆಗಳಿರಲಿಲ್ಲ.

ನಮ್ಮ ಕರಾವಳಿಯ ಕಥೋಲಿಕ ಮನೆತನಕ್ಕೆ ಸೇರಿದ ಜೋಕಿಂ ಆಳ್ವರು ಮುಂಧ್ರಾ ಪ್ರಕರಣದ ಕಾಲಕ್ಕೆ ಇದೇ ಲೋಕಸಭೆಯಲ್ಲಿ ಕೆನರಾ ಕ್ಷೇತ್ರದ ಸದಸ್ಯರಾಗಿದ್ದರು. ಅವರ ಪತ್ನಿ ವಯಲೆಟ್ ಆಳ್ವ ಅದೇ 1957ರಲ್ಲಿ ಕೇಂದ್ರದ ಗೃಹ ಖಾತೆಯ ಉಪಮಂತ್ರಿಯಾಗಿ ಉತ್ತರ ಕೊಡುವವರ ಸಾಲಿಗೆ ಸೇರಿದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾಗಿ, ಕೇಳುವವರನ್ನೂ ಉತ್ತರಿಸುವವರನ್ನೂ ಹದ್ದುಬಸ್ತಿನಲ್ಲಿಡುವ ಪೀಠದಲ್ಲಿ ಕುಳಿತರು. 2008ರಲ್ಲಿ ಅಂಚೆ ಇಲಾಖೆ ಈ ದಂಪತಿಯ ಹೆಸರಿನಲ್ಲಿ ಅಂಚೆಚೀಟಿ ತಂದಿತು. ನಮ್ಮ ಎಷ್ಟು ಮಂದಿ ಮಕ್ಕಳಿಗೆ ಇದು ಗೊತ್ತಿದೆ?

ಫಿರೋಜ್ ಗಾಂಧಿಯವರು 1960ರ ಸೆಪ್ಟೆಂಬರ್ 8ರಂದು, ಇನ್ನೂ 48 ತುಂಬುವ ಮೊದಲೇ, ಹೃದಯಾಘಾತದಿಂದ ತೀರಿಕೊಂಡರು. ಅವರು ಬಿಟ್ಟುಹೋದ ಇನ್ನೊಂದು ಕೆಲಸದ ನೆನಪು ಬಹಳ ಮಂದಿಗಿಲ್ಲ. ಸದನದಲ್ಲಿ ಆಡಿದ ಮಾತಿಗೆ ಸದಸ್ಯನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಆದರೆ ಅದೇ ಮಾತನ್ನು ಯಥಾವತ್ತಾಗಿ ಅಚ್ಚು ಹಾಕಿದ ಪತ್ರಿಕೆಯ ಸಂಪಾದಕನ ಮೇಲೆ ಹೂಡಬಹುದಾಗಿತ್ತು. ಹೀಗಾದರೆ ಸದನದ ಪ್ರಶ್ನೆ ಸದನದ ಗೋಡೆ ದಾಟಿ ನಿಮ್ಮ ಮನೆಗೆ ಬರುವುದು ಹೇಗೆ? ಸದುದ್ದೇಶದಿಂದ ಸಂಸತ್ತಿನ ಕಲಾಪವನ್ನು ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ಕೊಡುವ ಮಸೂದೆಯೊಂದನ್ನು ಅವರು ಖಾಸಗಿ ಸದಸ್ಯರಾಗಿ ತಂದರು. 1956ರಲ್ಲಿ ಅದು ಕಾನೂನಾಯಿತು. ತುರ್ತು ಪರಿಸ್ಥಿತಿಯಲ್ಲಿ, 1975ರ ಡಿಸೆಂಬರಿನಲ್ಲಿ, ಸುಗ್ರೀವಾಜ್ಞೆಯಿಂದ ಆ ಕಾನೂನನ್ನು ರದ್ದುಗೊಳಿಸಲಾಯಿತು. ಆಗ ಪ್ರಧಾನಿಯಾಗಿದ್ದವರು ಅವರ ಪತ್ನಿ ಇಂದಿರಾ ಗಾಂಧಿ. 1977ರಲ್ಲಿ ಸರ್ಕಾರ ಬದಲಾದಾಗ ಕಾನೂನು ಮತ್ತೆ ಜಾರಿಗೆ ಬಂತು. ಆ ಹೊಸ ಸರ್ಕಾರದಲ್ಲಿ ಹಣಕಾಸು ಸಚಿವರಾಗಿ, ಲೋಕಸಭೆಯಲ್ಲಿ ಎದ್ದುನಿಂತು ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿ ಬಂದವರು ಎಚ್.ಎಂ. ಪಟೇಲ್, ಇಪ್ಪತ್ತು ವರ್ಷ ಹಿಂದೆ ಛಾಗ್ಲಾ ಅವರ ಮುಂದೆ ಸಾಕ್ಷಿ ನುಡಿದಿದ್ದ ಅದೇ ಪ್ರಧಾನ ಕಾರ್ಯದರ್ಶಿ.