ವೆಲ್ಡಿಂಗ್ ತಂತಿಯಿಂದ 3ಡಿ ಪ್ರಿಂಟಿಂಗ್: 1925ರ ಪೇಟೆಂಟಿನಿಂದ ಪೊವಾಯಿವರೆಗೆ

ಪೊವಾಯಿ ಕಡೆ ಆಫೀಸಿರುವ ನಮ್ಮವರು ದಿನಾ ಐಐಟಿ ಗೇಟಿನ ಮುಂದೆ ಟ್ರಾಫಿಕ್‌ನಲ್ಲಿ ನಿಂತಿರ್ತೀರಿ. ಆ ಕಾಂಪೌಂಡಿನೊಳಗೇ ಲೋಹದ 3ಡಿ ಪ್ರಿಂಟಿಂಗ್‌ನ ಒಂದು ಒಳ್ಳೆ ಅಧ್ಯಾಯ ನಡೆದಿದೆ. ಅದೂ ದುಬಾರಿ ಲೇಸರ್ ಇಲ್ಲದೆ, ವೆಲ್ಡಿಂಗ್ ತಂತಿಯಿಂದ.

ಕಥೆ ಹಳೇದು. ವೆಸ್ಟಿಂಗ್‌ಹೌಸ್ ಕಂಪನಿಯ ರಾಲ್ಫ್ ಬೇಕರ್ 1920ರಲ್ಲಿ ಅರ್ಜಿ ಹಾಕಿ 1925ರಲ್ಲಿ ಪೇಟೆಂಟ್ ಪಡೆದರು: ವಿದ್ಯುತ್ ಆರ್ಕ್‌ನಲ್ಲಿ ಲೋಹ ಕರಗಿಸಿ, ಒಂದರ ಮೇಲೊಂದು ಪೇರಿಸಿ, ಅಲಂಕಾರದ ವಸ್ತು ಮಾಡೋ ವಿಧಾನ. ಅಲ್ಯೂಮಿನಿಯಂ ಮಾತ್ರ ಸುಲಭಕ್ಕೆ ಬಗ್ಗೋ ಲೋಹ ಅಲ್ಲ. ಅದು 660 ಡಿಗ್ರಿಗೇ ಕರಗುತ್ತೆ, ಮೈಮೇಲಿನ ಆಕ್ಸೈಡ್ ಪೊರೆ ಕರಗೋಕೆ 2,000 ಡಿಗ್ರಿ ದಾಟಬೇಕು. 1948ರ ಹೊತ್ತಿಗೆ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ತಂತಿಯನ್ನೇ ಎಲೆಕ್ಟ್ರೋಡ್ ಮಾಡಿ, ಬಿಡದೆ ಉಣಿಸುತ್ತಾ, ಸುತ್ತ ಜಡ ಅನಿಲದ ಹೊದಿಕೆ ಕೊಡೋ ವೆಲ್ಡಿಂಗ್ ಬಂತು. ಗ್ಯಾರೇಜಿನಲ್ಲಿ ಮಿಗ್ ಅಂತಾರಲ್ಲ, ಅದೇ. ಅದು ಹುಟ್ಟಿದ್ದೇ ಅಲ್ಯೂಮಿನಿಯಂನಂಥ ಲೋಹಗಳಿಗಾಗಿ, ಉಕ್ಕಿಗೆ ಬಂದದ್ದು ಆಮೇಲೆ.

2000ದ ದಶಕದಲ್ಲಿ ಐಐಟಿ ಬಾಂಬೆಯ ಪ್ರೊ. ಕೆ.ಪಿ. ಕರುಣಾಕರನ್ ತಂಡ ಈ ಮಿಗ್ ಟಾರ್ಚನ್ನು ಸಿಎನ್‌ಸಿ ಮಿಲ್ಲಿಂಗ್ ಮಷೀನಿಗೆ ಜೋಡಿಸಿತು. ಒಂದು ಪದರ ಸುರಿಯೋದು, ನೆತ್ತಿ ಕೆತ್ತಿ ಸಮ ಮಾಡೋದು, ಮತ್ತೆ ಸುರಿಯೋದು. ಅವರು ಹೆಚ್ಚು ಕೆಲಸ ಮಾಡಿದ್ದು ಉಕ್ಕಿನ ಮೇಲೆ. ಇರೋ ಮಷೀನಿಗೇ ಕಡಿಮೆ ಖರ್ಚಲ್ಲಿ ಇದನ್ನು ಕೂರಿಸಿದ್ದೇ ನನ್ನ ಪ್ರಕಾರ ದೊಡ್ಡ ಮಾತು.

ಈಗ ಸೆಟ್ಟಿಂಗ್ಸ್‌ಗೆ ಬರೋಣ. 1.2 ಮಿ.ಮೀ. ತಂತಿ, ನಿಮಿಷಕ್ಕೆ 6 ಮೀಟರ್ ಉಣಿಸ್ತೀವಿ, ಅಂದ್ರೆ ಸೆಕೆಂಡಿಗೆ 100 ಮಿ.ಮೀ. ಟಾರ್ಚ್ ಸೆಕೆಂಡಿಗೆ 10 ಮಿ.ಮೀ. ಸಾಗಿದ್ರೆ, ಬೀಳೋ ಲೋಹದ ಅಡ್ಡಕೊಯ್ತ ತಂತಿಯ ಹತ್ತು ಪಟ್ಟು, ಸುಮಾರು 11 ಚದರ ಮಿ.ಮೀ. ಇಷ್ಟಕ್ಕೆ ಕೋಡ್ ಬರೆದುಬಿಡಬಹುದು. ಆದ್ರೆ ಮೊದಲ ಪದರದ ಶಾಖವನ್ನು ಕೆಳಗಿನ ದಪ್ಪ ಪ್ಲೇಟ್ ಎಳ್ಕೊಳ್ಳುತ್ತೆ. ಇಪ್ಪತ್ತನೇ ಪದರಕ್ಕೆ ಕೆಳಗಿರೋದು ಬಿಸಿ ಬಿಸಿ ತೆಳು ಗೋಡೆ. ಅದೇ ಸೆಟ್ಟಿಂಗ್‌ನಲ್ಲಿ ಹೋದ್ರೆ ಗೋಡೆ ಅಗಲವಾಗಿ ಕುಸಿಯುತ್ತೆ. ಕಾಯಬೇಕು, ಇಲ್ಲವೇ ಕರೆಂಟ್ ಇಳಿಸಬೇಕು. ಆಸ್ಟ್ರಿಯಾದ ಫ್ರೋನಿಯಸ್ ಕಂಪನಿಯ ಸಿಎಂಟಿ ವಿಧಾನದಲ್ಲಿ ತಂತಿ ಸೆಕೆಂಡಿಗೆ ಹತ್ತಾರು ಸಲ ಹಿಂದಕ್ಕೆ ಸರಿದು ಹನಿ ಬಿಡುತ್ತೆ, ಶಾಖ ಕಡಿಮೆ. ಅಲ್ಯೂಮಿನಿಯಂಗೆ ಅದು ಹೇಳಿ ಮಾಡಿಸಿದಂತಿದೆ.

ಮುಂಬೈಗೆ ಇನ್ನೊಂದು ತಲೆನೋವಿದೆ, ಮಳೆಗಾಲ. ಕರಗಿದ ಅಲ್ಯೂಮಿನಿಯಂ ತನ್ನೊಳಗೆ ಹಿಡಿಯೋ ಹೈಡ್ರೋಜನ್, ಗಟ್ಟಿಯಾದಾಗ ಹಿಡಿಯೋದಕ್ಕಿಂತ ಸುಮಾರು 20 ಪಟ್ಟು ಹೆಚ್ಚು. ಗಟ್ಟಿಯಾಗುವಾಗ ಹೊರಬರಲಾಗದ ಅನಿಲ ಒಳಗೇ ಗುಳ್ಳೆಯಾಗಿ ಉಳಿಯುತ್ತೆ. ಆ ಹೈಡ್ರೋಜನ್ ಮುಖ್ಯವಾಗಿ ಬರೋದು ತಂತಿಯ ಮೇಲಿನ ತೇವ, ಜಿಡ್ಡಿನಿಂದ. ಏಸಿ ರೂಮಿನ ತಣ್ಣನೆ ಸುರುಳಿಯನ್ನು ಜುಲೈನಲ್ಲಿ ವರ್ಕ್‌ಶಾಪಿಗೆ ತಂದ್ರೆ, ಕನ್ನಡಕದ ಮೇಲೆ ಹಬೆ ಕೂತಂಗೆ ತಂತಿ ಮೇಲೂ ನೀರು ಕೂರುತ್ತೆ. ಹೊರಗಿಂದ ಭಾಗ ಫಳಫಳ ಅಂತಿರುತ್ತೆ. ಎಕ್ಸ್‌ರೇ ಹಿಡಿದಾಗ ಗುಳ್ಳೆ ಕಾಣೋದು. ಪದೇ ಪದೇ ಭಾರ ಬೀಳೋ ಜಾಗದಲ್ಲಿ ಬಿರುಕು ಶುರುವಾಗೋದೂ ಅಲ್ಲಿಂದಲೇ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದವರು ಪ್ರತಿ ಪದರದ ಮೇಲೆ ರೋಲರ್ ಒತ್ತಿ ಗುಳ್ಳೆಗಳನ್ನು ಅಡಗಿಸಿ ತೋರಿಸಿದ್ದಾರೆ. ಅಂಥ ರೋಲರ್ ಇಲ್ಲದವರು ಸುರುಳಿಯನ್ನು ಒಣ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಅದು ವರ್ಕ್‌ಶಾಪಿನ ಬಿಸಿಗೆ ಬಂದ ಮೇಲೇ ಬಿಚ್ಚಬೇಕು.