ಒಲೊಕೊದ ಹೆಂಗಸರನ್ನು ಎಣಿಸಲು ಹೇಳಿದ್ದು ಯಾರು?

ಆಗ್ನೇಯ ನೈಜೀರಿಯದ ಬೆಂಡೆ ಜಿಲ್ಲೆಯ ಚರಿತ್ರೆ ಬರೆದವರಾರೂ 1929ರ ಮಹಿಳೆಯರ ದಂಗೆಯನ್ನು ಬಿಟ್ಟಿಲ್ಲ. ಒಲೊಕೊ ಎಂಬ ಊರಿನಲ್ಲಿ ಹೆಂಗಸರನ್ನು ಎಣಿಸಲು ಬಂದರು, ತಮ್ಮ ಮೇಲೂ ಕಂದಾಯ ಬೀಳುತ್ತದೆಂದು ಹೆಂಗಸರು ಎದ್ದರು, ಗುಂಡು ಹಾರಿತು. ಎಣಿಸಲು ಹೇಳಿದ್ದು ಯಾರು ಎಂದರೆ ‘ಬ್ರಿಟಿಷ್ ಸರ್ಕಾರ’ ಎಂದು ಬರೆದು ಮುಂದೆ ಹೋಗುತ್ತಾರೆ. ನನಗೆ ಈ ಉತ್ತರ ಸಾಲಲಿಲ್ಲ. ಯಾವನೋ ಒಬ್ಬ ಅಧಿಕಾರಿ ಮೇಜಿನ ಮುಂದೆ ಕೂತು ಆ ಹುಕುಂ ಹೊರಡಿಸಿರಲೇಬೇಕು. ಅವನಿಗೊಂದು ಹೆಸರಿರಬೇಕು, ಒಂದು ಕಾರಣವೂ ಇರಬೇಕು.

ಹುಡುಕಲು ದಾಖಲೆಗೇನೂ ಬರವಿಲ್ಲ. ದಂಗೆ ತಣ್ಣಗಾದ ಮೇಲೆ ಎರಡು ವಿಚಾರಣೆ ನಡೆದವು. 1930ರ ಜನವರಿಯಲ್ಲಿ ಇಬ್ಬರೇ ಸದಸ್ಯರ ಸಮಿತಿ ಗುಂಡು ಹಾರಿಸಿದ್ದು ಸರಿಯೆಂದು ಬರೆದುಕೊಟ್ಟಿತು. ಅದು ಯಾರಿಗೂ ಒಪ್ಪಿಗೆಯಾಗದೆ, ಮುಖ್ಯ ನ್ಯಾಯಾಧೀಶ ಡೊನಾಲ್ಡ್ ಕಿಂಗ್‌ಡನ್ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ಕೂತಿತು. ಅದರಲ್ಲಿ ಕಿಟೋಯಿ ಅಜಾಸಾ ಮತ್ತು ಎರಿಕ್ ಮೂರ್ ಎಂಬ ಇಬ್ಬರು ನೈಜೀರಿಯನ್ ವಕೀಲರೂ ಇದ್ದರು. ನಾನೂರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದರು. ವರದಿಯನ್ನೂ ಸಾಕ್ಷ್ಯದ ಟಿಪ್ಪಣಿಗಳನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕಿದರು. ಹೆಚ್ಚಿನ ಓದುಗರು ವರದಿಗೇ ನಿಲ್ಲುತ್ತಾರೆ. ನಾನು ಸಾಕ್ಷ್ಯದ ಸಂಪುಟಕ್ಕೆ ಕೈಹಾಕಿದೆ.

ಅಲ್ಲಿ ಮೊದಲು ಎದುರಾಗುವ ತೊಡಕು ‘ಹಿಲ್’ ಎಂಬ ಹೆಸರು. ಬೆಂಡೆಯ ಜಿಲ್ಲಾಧಿಕಾರಿ ಕ್ಯಾಪ್ಟನ್ ಹಿಲ್. ಓಪೋಬೊ ಎಂಬ ಊರಿನಲ್ಲಿ ಹೆಂಗಸರ ಮೇಲೆ ಗುಂಡು ಹಾರಿಸಿದ ಸೈನಿಕರ ಮುಂದಾಳು ಲೆಫ್ಟಿನೆಂಟ್ ಹಿಲ್. ಇಬ್ಬರನ್ನೂ ಒಬ್ಬನೆಂದುಕೊಂಡರೆ ಕಥೆಯೇ ಬೇರೆಯಾಗುತ್ತದೆ. ಬಿಡಿಸಿ ಓದಿದರೆ ಹುಡುಕಾಟಕ್ಕೆ ದಾರಿ ಸಿಗುತ್ತದೆ: ಬೆಂಡೆಯ ಹಿಲ್ ರಜೆ ಮೇಲಿದ್ದ. ಅವನ ಜಾಗಕ್ಕೆ ತಾತ್ಕಾಲಿಕವಾಗಿ ಬಂದಿದ್ದವನು ಕ್ಯಾಪ್ಟನ್ ಜಾನ್ ಕುಕ್ ಎಂಬ ಸಹಾಯಕ ಅಧಿಕಾರಿ.

ಕುಕ್ ಬಂದವನೇ ಹಳೆಯ ಕಂದಾಯದ ಪಟ್ಟಿ ತೆಗೆದು ನೋಡಿದ. ಗಂಡಸರ ಲೆಕ್ಕವಷ್ಟೇ ಇತ್ತು. ಇದೇನು ಅರೆಬರೆ ಪಟ್ಟಿ ಅನಿಸಿತು. ಹೆಂಡತಿಯರು, ಮಕ್ಕಳು, ಆಡು, ಕುರಿ ಎಲ್ಲವನ್ನೂ ಸೇರಿಸಿ ಹೊಸದಾಗಿ ಬರೆಯಬೇಕೆಂದು ಊರಿನ ಮುಖ್ಯಸ್ಥರಿಗೆ ಹೇಳಿದ. ಹೆಂಗಸರ ಮೇಲೆ ಕಂದಾಯ ಹಾಕುವ ಆದೇಶ ಮೇಲಿನಿಂದ ಬಂದೇ ಇರಲಿಲ್ಲ. ಇದಕ್ಕೆಲ್ಲ ಮೂಲ ಒಬ್ಬ ಹಂಗಾಮಿ ಅಧಿಕಾರಿಯ ಅಚ್ಚುಕಟ್ಟುತನ. ಕೇಡಿಗನನ್ನು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಇಷ್ಟೇ.

ಹಾಗಾದರೆ ಹೆಂಗಸರು ಹೆದರಿದ್ದು ಸುಳ್ಳಿಗೋ? ಅಲ್ಲ. 1926ರಲ್ಲಿ ಇದೇ ಜಿಲ್ಲೆಯಲ್ಲಿ ಗಂಡಸರನ್ನು ಎಣಿಸಿದಾಗ, ಇದಕ್ಕೂ ಕಂದಾಯಕ್ಕೂ ಸಂಬಂಧವಿಲ್ಲ ಎಂದೇ ಜನರಿಗೆ ಹೇಳಲಾಗಿತ್ತು. 1928ರಲ್ಲಿ ಕಂದಾಯ ವಸೂಲಿ ಶುರುವಾಯಿತು. ಒಮ್ಮೆ ಮೋಸ ಹೋದವರಿಗೆ ಎಣಿಕೆಯ ಅರ್ಥ ಚೆನ್ನಾಗಿ ಗೊತ್ತಿತ್ತು. ಜೊತೆಗೆ ತಾಳೆ ಎಣ್ಣೆಯ ದರ ಬಿದ್ದಿತ್ತು. ಎಣ್ಣೆ ತೆಗೆದು ಸಂತೆಗೆ ಒಯ್ಯುತ್ತಿದ್ದವರು ಹೆಂಗಸರೇ.

ಕುಕ್ ಹೇಳಿದ ಕೆಲಸ ಒಲೊಕೊದ ಒಕುಗೊ ಎಂಬ ಮುಖ್ಯಸ್ಥನ ಪಾಲಿಗೆ ಬಂತು. ಇವನು ‘ವಾರಂಟ್ ಚೀಫ್’. ಇಗ್ಬೊ ಸೀಮೆಯ ಹೆಚ್ಚಿನ ಊರುಗಳಲ್ಲಿ ರಾಜನೆಂಬವನಿರಲಿಲ್ಲ; ಹಿರಿಯರು ಕೂತು ಮಾತಾಡಿ ತೀರ್ಮಾನಿಸುತ್ತಿದ್ದರು. ಬ್ರಿಟಿಷರಿಗೆ ಒಂದೊಂದು ಊರಿಗೆ ಒಬ್ಬೊಬ್ಬ ಆಳು ಬೇಕಿತ್ತು. ಕೈಗೆ ಸಿಕ್ಕವನಿಗೆ ವಾರಂಟ್ ಎಂಬ ಕಾಗದ, ತಲೆಗೊಂದು ಟೋಪಿ, ನೇಟಿವ್ ಕೋರ್ಟಿನಲ್ಲಿ ಒಂದು ಆಸನ ಕೊಟ್ಟರು. ಚಿನುವ ಅಚಿಬೆಯ ‘ಆರೋ ಆಫ್ ಗಾಡ್’ ಕಾದಂಬರಿ ಓದಿದವರಿಗೆ ಈ ವ್ಯವಸ್ಥೆಯ ಪರಿಚಯವಿರುತ್ತದೆ. ಇದರ ಪೂರ್ತಿ ಚರಿತ್ರೆ ಬೇಕೆಂದರೆ 1972ರಲ್ಲಿ ಬಂದ ಎ.ಇ. ಅಫಿಗ್ಬೊ ಅವರ ಪುಸ್ತಕವೇ ಆಗಬೇಕು.

ಒಕುಗೊ ತಾನು ಹೋಗದೆ ಮಾರ್ಕ್ ಎಮೆರುವಾ ಎಂಬ ಶಾಲಾ ಮೇಷ್ಟರನ್ನು ಕಳಿಸಿದ. ಅವನು ಬಂದಾಗ ನ್ವಾನ್ಯೆರುವಾ ಎಂಬಾಕೆ ಮನೆಯಂಗಳದಲ್ಲಿ ತಾಳೆ ಹಣ್ಣು ಹಿಸುಕಿ ಎಣ್ಣೆ ತೆಗೆಯುತ್ತಿದ್ದಳು. ನಿನ್ನ ಆಡು, ಕುರಿ, ಮನೆಮಂದಿ ಎಷ್ಟೆಂದು ಎಣಿಸು ಎಂದ. ನಡೆದದ್ದನ್ನು ಆಕೆಯೇ ಆಯೋಗದ ಮುಂದೆ ಹೇಳಿದ್ದಾಳೆ: ಹೋದ ವರ್ಷ ಬಸುರಿ ಸೊಸೆ ತೀರಿಹೋದಳು, ಆ ಶೋಕದಲ್ಲಿದ್ದೇನೆ, ಏನನ್ನು ಎಣಿಸಲಿ, ನಿನ್ನ ತಾಯಿಯನ್ನು ಎಣಿಸಿದ್ದರೇ ಎಂದು ಕೇಳಿದಳಂತೆ. ಅವನು ಕುತ್ತಿಗೆಗೆ ಕೈಹಾಕಿದ. ಎಣ್ಣೆ ಮೆತ್ತಿದ ಕೈಯಲ್ಲೇ ಆಕೆಯೂ ಅವನನ್ನು ಹಿಡಿದಳು. ಆಮೇಲೆ ಹೆಂಗಸರು ಕೂಡಿದ್ದ ಕಡೆಗೆ ಓಡಿದಳು. ತಾಳೆ ಗರಿ ಊರಿಂದೂರಿಗೆ ಹೋಯಿತು. ಗರಿ ಬಂತೆಂದರೆ ಹೊರಡಬೇಕೆಂದು ಅರ್ಥ. ಸಾವಿರಾರು ಹೆಂಗಸರು ಒಕುಗೊನ ಅಂಗಳದಲ್ಲಿ ಹಾಡುತ್ತ ಕುಣಿಯುತ್ತ ಬೀಡುಬಿಟ್ಟರು, ಅವನ ಟೋಪಿ ಕಿತ್ತುಕೊಡುವಂತೆ ಜಿಲ್ಲಾಧಿಕಾರಿಯನ್ನು ಕೇಳಿದರು. ಟೋಪಿ ಹೋಯಿತು. ಒಕುಗೊನಿಗೆ ಎರಡು ವರ್ಷ ಸೆರೆಯಾಯಿತು. ಹುಕುಂ ಕುಕ್‌ನದು, ಶಿಕ್ಷೆ ಒಕುಗೊನಿಗೆ.

ಸಾಕ್ಷ್ಯದಲ್ಲಿ ನಾನು ಮತ್ತೆ ಮತ್ತೆ ತಿರುವಿ ನೋಡಿದ್ದು ಓಪೋಬೊದ ಭಾಗ. ದಂಗೆ ಹಬ್ಬಿದ ಮೇಲೆ ಡಿಸೆಂಬರ್ 16ರಂದು ಅಲ್ಲಿ ಸೇರಿದ ಹೆಂಗಸರು ಬಾಯಿಮಾತಿನ ಭರವಸೆ ಬೇಡವೆಂದರು. ತಾವು ಹೇಳಿದ್ದನ್ನು ಅಧಿಕಾರಿ ಟೈಪ್ ಮಾಡಿ ಪ್ರತಿಗಳನ್ನು ಕೊಡಬೇಕೆಂದರು. ಹೆಂಗಸರಿಗೆ ಕಂದಾಯವಿಲ್ಲ, ಸ್ವಂತ ಆಸ್ತಿಯ ಎಣಿಕೆಯಿಲ್ಲ, ಸಂತೆಯ ಮಾಡಿಗೆ ಬಾಡಿಗೆಯಿಲ್ಲ, ಗಂಡಸರೂ ಕಂದಾಯ ಕಟ್ಟುವುದು ಬೇಡ. ಹೀಗೆ ಸಾಗುತ್ತದೆ ಪಟ್ಟಿ. ಎಣಿಕೆಯ ಕಾಗದದಿಂದ ನೊಂದವರು ತಮ್ಮದೇ ಕಾಗದ ಕೇಳಿದರು. ಟೈಪಿಂಗ್ ನಡೆಯುತ್ತಿದ್ದಂತೆ ಗುಂಪು ಬೇಲಿಗೆ ಒತ್ತಿಕೊಂಡಿತು, ಲೆಫ್ಟಿನೆಂಟ್ ಹಿಲ್ ಗುಂಡು ಹಾರಿಸಲು ಹೇಳಿದ. ದಂಗೆಯಲ್ಲಿ ಸತ್ತ ಐವತ್ತಕ್ಕೂ ಹೆಚ್ಚು ಹೆಂಗಸರಲ್ಲಿ ಬಹುಪಾಲು ಸತ್ತದ್ದು ಅಲ್ಲೇ. ಇದನ್ನು ಓದಿದ ಮೇಲೆ ಆಡಳಿತದವರು ಬಳಸಿದ ‘ಹುಚ್ಚೆದ್ದ ಗುಂಪು’ ಎಂಬ ಧಾಟಿಯ ಮಾತುಗಳನ್ನು ನಾನು ನಂಬಲಾರೆ.

ಮುಂದೆ ಸರ್ಕಾರ ಪಾಠ ಕಲಿಯಿತೆ? ತನ್ನ ರೀತಿಯಲ್ಲಿ ಕಲಿಯಿತು. 1930ರ ದಶಕದಲ್ಲಿ ಅಧಿಕಾರಿಗಳು ಊರೂರು ಸುತ್ತಿ, ಯಾರ ಕುಲ ಯಾವುದು, ಹಿರಿಯರು ಯಾರು, ಪಂಚಾಯಿತಿ ಹೇಗೆ ಎಂದು ಇನ್ನೂರರಷ್ಟು ‘ಇಂಟೆಲಿಜೆನ್ಸ್ ರಿಪೋರ್ಟ್’ ಬರೆದರು. ವಾರಂಟ್ ಚೀಫ್ ಪದ್ಧತಿ ತೊಲಗಿತು. ಆಡಳಿತ ನಡೆಸಲು ಶುರುಮಾಡಿ ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಕೇಳಿದ ಪ್ರಶ್ನೆಗಳಿವು. ಇಂದಿಗೂ ಭೂಮಿ, ಮುಖ್ಯಸ್ಥಿಕೆಯ ವ್ಯಾಜ್ಯಗಳಲ್ಲಿ ಇದೇ ವರದಿಗಳನ್ನು ಪುರಾವೆಯೆಂದು ಮುಂದಿಡುತ್ತಾರೆ.

ಎನುಗುವಿನ ರಾಷ್ಟ್ರೀಯ ದಾಖಲಾಲಯ, ಲಂಡನ್ನಿನ ಕ್ಯೂ ದಾಖಲಾಲಯದ ಸಿ.ಒ. 583 ಶ್ರೇಣಿ: ಈ ಎರಡು ಕಡೆ ಜಿಲ್ಲೆಯ ಕಡತಗಳಿವೆ. ಆದರೆ ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನನ್ನದೊಂದು ಕೋರಿಕೆ: ಆಯೋಗದ ವರದಿಯನ್ನು ಆಮೇಲೆ ಓದಿ, ಹೆಂಗಸರ ಸಾಕ್ಷ್ಯವನ್ನು ಮೊದಲು ಓದಿ.