ಹದಿನೆಂಟು ಅಶ್ವಮೇಧಗಳು

ಚರಿತ್ರೆಯಲ್ಲಿ ಎಂದೂ ಇಲ್ಲದಿದ್ದ ಒಂದು ರಾಜ್ಯದಿಂದ ಈ ಮಾತನ್ನು ಆರಂಭಿಸುತ್ತೇನೆ. ಅದರ ಹೆಸರು ರೋಹನ್. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ, ಹಳೆಯ ಇಂಗ್ಲಿಷಿನ ವಿದ್ವಾಂಸ ಟೋಲ್ಕಿನ್ ಅವರು 1954-55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಅದ್ಭುತ ಕಥೆಯಲ್ಲಿ ಅದು ಬರುತ್ತದೆ. ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು; ಅಲ್ಲಿ ಕುದುರೆಯೇ ಸಂಪತ್ತು, ಕುದುರೆಯೇ ಬಂಧು. ರಾಜನಿಂದ ಹಿಡಿದು ಸಾಮಾನ್ಯನವರೆಗೆ ಎಲ್ಲರೂ ರಾವುತರು.

ಈ ರಾವುತರ ಭಾಷೆಯಾಗಿ ಟೋಲ್ಕಿನ್ ಬಳಸಿದ್ದು ಸಾವಿರ ವರ್ಷ ಹಿಂದಿನ ಇಂಗ್ಲಿಷನ್ನು. ಇಯೋಮರ್, ಇಯೋವಿನ್ ಎಂಬ ಹೆಸರುಗಳಲ್ಲಿ ಕುದುರೆ ಎಂಬರ್ಥದ ಹಳೆಯ ಶಬ್ದವಿದೆ. ಅಲ್ಲಿಯ ವೃದ್ಧರಾಜ ಥಿಯೋಡೆನ್ ಯುದ್ಧದಲ್ಲಿ ತನ್ನ ಕುದುರೆಯ ಕೆಳಗೆ ಸಿಕ್ಕಿ ಮಡಿಯುತ್ತಾನೆ. ಕ್ರಿ.ಶ. 451ರಲ್ಲಿ ಹೂಣರ ಅಟ್ಟಿಲನ ವಿರುದ್ಧದ ಯುದ್ಧದಲ್ಲಿ ಕುದುರೆಯಿಂದ ಬಿದ್ದು ಸತ್ತನೆನ್ನಲಾದ ಗಾಥರ ದೊರೆ ಥಿಯೋಡೊರಿಕನ ನೆನಪು ಇಲ್ಲಿದೆ ಎಂದು ವಿಮರ್ಶಕರು ತೋರಿಸಿದ್ದಾರೆ. ಆದರೆ ವಿಚಿತ್ರವೊಂದುಂಟು. ಚರಿತ್ರೆಯ ಆ ಹಳೆಯ ಇಂಗ್ಲಿಷರು ರಾವುತರಾಗಿ ಹೆಸರಾದವರಲ್ಲ. 1066ರಲ್ಲಿ ಹೇಸ್ಟಿಂಗ್ಸ್ ಬಯಲಿನಲ್ಲಿ ಅವರು ನೆಲದ ಮೇಲೆ ನಿಂತು, ಗುರಾಣಿಗಳ ಗೋಡೆ ಕಟ್ಟಿ ಕಾದಿದರು. ಕುದುರೆಯೇರಿ ಬಂದ ನಾರ್ಮನ್ನರಿಗೆ ಸೋತರು. ರೋಹನ್ನಿನ ಜನರನ್ನು ಹಳೆಯ ಇಂಗ್ಲಿಷರೆಂದೇ ತಿಳಿಯಬಾರದೆಂದು ಟೋಲ್ಕಿನ್ ಅವರೇ ಎಚ್ಚರಿಸಿದ್ದಾರೆ. ಆದರೂ ಚರಿತ್ರೆ ಆ ಭಾಷೆಯವರಿಗೆ ಕೊಡದ ಕುದುರೆಯನ್ನು ಕಥೆ ಕೊಟ್ಟಿತು ಎನ್ನದೆ ಗತ್ಯಂತರವಿಲ್ಲ.

ಇಂಥದೊಂದು ಕೊಡುಗೆ ನಮ್ಮ ನೆಲದಲ್ಲಿಯೂ ನಡೆದಿದೆ. ಅಂಜನಾಪುರದ ಜಲಾಶಯವನ್ನು ನೋಡಲು ಶಿಕಾರಿಪುರಕ್ಕೆ ಬರುವವರು ಅದೇ ತಾಲ್ಲೂಕಿನ ತಾಳಗುಂದಕ್ಕೂ ಹೋಗಿಬರಬೇಕು. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಅಂದರೆ ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ ಅದರ ಮೇಲಿದೆ. ವೇದಾಧ್ಯಯನಕ್ಕಾಗಿ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ 'ಅಶ್ವಸಂಸ್ಥ'ನೊಬ್ಬನೊಡನೆ ಘೋರ ಕಲಹವಾಯಿತೆಂದು ಕವಿ ಹೇಳುತ್ತಾನೆ. ಈ ಪದಕ್ಕೆ ಬೇರೆ ಅರ್ಥ ಮಾಡಿದವರೂ ಉಂಟು. ಆದರೆ ಕುದುರೆ ಸವಾರ ಎಂಬುದೇ ಹೆಚ್ಚು ಪ್ರಚಾರದಲ್ಲಿರುವ ಅರ್ಥ. ಅದನ್ನು ಒಪ್ಪಿದರೆ, ಕನ್ನಡ ನಾಡಿನ ಮೊದಲ ಅರಸು ಮನೆತನ ಹುಟ್ಟಿದ್ದು ಕುದುರೆಯ ಮೇಲಿದ್ದವನೊಬ್ಬನು ನೆಲದ ಮೇಲಿದ್ದ ವಿದ್ಯಾರ್ಥಿಯನ್ನು ಅವಮಾನಿಸಿದ ಗಳಿಗೆಯಲ್ಲಿ.

ಮಯೂರಶರ್ಮ ಸೇಡು ತೀರಿಸಿಕೊಂಡದ್ದು ಹೇಗೆ? ಪಲ್ಲವರ ಗಡಿಗಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗಿನ ದುರ್ಗಮವಾದ ಕಾಡನ್ನು ಹಿಡಿದು. ಕಾಡು ಕುದುರೆಯ ಕಾಳಗಕ್ಕೆ ಅನುಕೂಲವಾದ ಸ್ಥಳವಲ್ಲ. ಅಡಗಿ ಹೊಡೆಯುವವನಿಗೆ ಅದು ಕೋಟೆ. ಕೊನೆಗೆ ಪಲ್ಲವರೇ ಸಂಧಿ ಮಾಡಿಕೊಂಡು ಅವನಿಗೆ ರಾಜ್ಯ ಬಿಟ್ಟುಕೊಟ್ಟರು. ಇಷ್ಟನ್ನೂ ವಿವರವಾಗಿ ಹೇಳುವ ತಾಳಗುಂದದ ಕವಿ ಮಯೂರಶರ್ಮನು ಅಶ್ವಮೇಧ ಮಾಡಿದನೆಂದು ಹೇಳುವುದಿಲ್ಲ. ಕದಂಬರಲ್ಲಿ ಆ ಕೀರ್ತಿ ಮುಂದೆ ಕೃಷ್ಣವರ್ಮನಿಗೆ ಸಲ್ಲುತ್ತದೆ. ಆದರೆ ಆರೇಳು ಶತಮಾನಗಳ ಅನಂತರ, ಹಾನಗಲ್ಲು ಮೊದಲಾದ ಕಡೆ ಆಳುತ್ತಿದ್ದ ಕದಂಬರ ಪ್ರಶಸ್ತಿಗಳನ್ನು ನೋಡಿ: ಶರ್ಮ ವರ್ಮನಾಗಿದ್ದಾನೆ, ವಂಶಕ್ಕೆ ಹದಿನೆಂಟು ಅಶ್ವಮೇಧಗಳ ಕೀರ್ತಿ ಬಂದಿದೆ. ರಾವುತನಿಂದ ನೊಂದವನ ವಂಶ, ನೆನಪಿನಲ್ಲಿ, ಕುದುರೆಯನ್ನು ಅಡೆತಡೆಯಿಲ್ಲದೆ ಲೋಕ ಸುತ್ತಿಸಿದ ವಂಶವಾಯಿತು.

ಇದನ್ನು ಬರಿಯ ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಸುಳ್ಳಿನ ಹಿಂದೆ ಒಂದು ನಿಜವಾದ ಕೊರತೆಯಿದೆ. ಮಳೆ ಕಾಡುಗಳ ಈ ಸೀಮೆ ಕುದುರೆ ಬೆಳೆಸುವ ನಾಡಲ್ಲ. ಅಮರಕೋಶ ಉತ್ತಮ ಕುದುರೆಗಳಿಗೆ ಹೇಳುವ ತವರುಗಳು ಕಾಂಭೋಜ, ಬಾಹ್ಲಿಕ, ಪಾರಸೀಕ, ವನಾಯು—ಎಲ್ಲವೂ ದೂರದವು. ಶಿಕಾರಿಪುರ ತಾಲ್ಲೂಕಿನದೇ ಆದ ಬಳ್ಳಿಗಾವೆಯ ಶಾಸನವೊಂದು ಅಯ್ಯಾವೊಳೆಯ ಐನೂರ್ವರನ್ನು ವರ್ಣಿಸುವಾಗ, ಅವರು ಕಾಂಭೋಜ, ಪಾರಸಗಳವರೆಗೂ ತಿರುಗುವ ವರ್ತಕರೆಂದೂ ಅವರ ಸರಕಿನಲ್ಲಿ ಜಾತ್ಯಶ್ವಗಳಿದ್ದವೆಂದೂ ಹೇಳುತ್ತದೆ. ವಿಜಯನಗರದ ಕಾಲಕ್ಕೂ ಈ ಕೊರತೆ ನೀಗಲಿಲ್ಲ. ಕೃಷ್ಣದೇವರಾಯ ವರ್ಷಕ್ಕೆ 13,000 ಹೊರಮುಜಿನ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನಂತೂ ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಹೀಗೆ ಹೊನ್ನು ಸುರಿದು ತರಬೇಕಾಗಿದ್ದ ಪ್ರಾಣಿ ವೈಭವದ ಕನಸಾದುದರಲ್ಲಿ ಆಶ್ಚರ್ಯವೇನು?

ಆ ಕನಸಿನ ಮಗ್ಗುಲಲ್ಲೇ ಇನ್ನೊಂದು ಸಾಕ್ಷ್ಯ ನಿಂತಿದೆ. ಶಿಕಾರಿಪುರ, ಸೊರಬಗಳ ಊರೂರುಗಳಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಹಿಂದಕ್ಕೆ ತರಲು ಹೋರಾಡಿ ಮಡಿದವರ ಕಲ್ಲುಗಳು ಅವುಗಳಲ್ಲಿ ಅನೇಕ. ಕುದುರೆಯೇರಿದ ವೀರರೂ ಅಲ್ಲಿ ಇಲ್ಲದಿಲ್ಲ. ಆದರೆ ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ನೆಲದ ಮೇಲೆ ನಿಂತವರ ಮುಂದೆ ಶತ್ರುವಿನ ಕುದುರೆ ಮುಂಗಾಲೆತ್ತಿರುವುದೂ ಉಂಟು. ಆ ಕಾಲಾಳಿಗೆ ಶಿಲ್ಪಿ ಸುಳ್ಳು ಕುದುರೆಯನ್ನು ಕೊಡಲಿಲ್ಲ. ಮೇಲಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಕೈಹಿಡಿದು ಒಯ್ಯುತ್ತಾರೆ. ಅದರ ಮೇಲೆ ಶಿವನ ಸನ್ನಿಧಿ.

ಅರಸರ ಪ್ರಶಸ್ತಿಗೆ ಹದಿನೆಂಟು ಕುದುರೆಗಳು ಬೇಕಾದವು. ಊರಿನ ದನ ಕಾಯ್ದು ಸತ್ತವನನ್ನು ನೆನೆಯಲು ಊರಿಗೆ ಒಂದೂ ಬೇಕಾಗಲಿಲ್ಲ. ನಮ್ಮ ಚರಿತ್ರೆಯನ್ನು ಓದುವವರು ಈ ಎರಡು ಬಗೆಯ ಕಲ್ಲುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕೆಂಬುದು ನನ್ನ ಅರಿಕೆ.